ಉಂಡ ಮನೆ

“ಈ ಊರಿನಲ್ಲಿ ಒಳ್ಳೆಯ ಊಟ ಎಲ್ಲಿ ಸಿಕ್ಕುತ್ತದೆ?” ಹೊಸ ಊರಿಗೆ ಹೋದವರು ಕೇಳುವ ಪ್ರಶ್ನೆಗಳಲ್ಲಿ ಇದಕ್ಕಿಂತ ಸಹಜವಾದದ್ದು, ಇದಕ್ಕಿಂತ ನಿರಪಾಯವಾದದ್ದು ಬೇರೊಂದು ಇರಲಾರದು. ರಾಜಕೀಯದ ಮಾತೆತ್ತಿದರೆ ಜಗಳ ಹುಟ್ಟೀತು. ಊಟದ ಮಾತೆತ್ತಿದರೆ ಸ್ನೇಹ ಹುಟ್ಟುತ್ತದೆ. ಆದರೂ ಈ ಪ್ರಶ್ನೆಯನ್ನು ತುಸು ಹೊತ್ತು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರೆ, ಅದರೊಳಗೆ ಒಂದಲ್ಲ, ಮೂರು ಪ್ರಶ್ನೆಗಳು ಅಡಗಿರುವುದು ಕಾಣುತ್ತದೆ. ತೊಡಕೆಲ್ಲ ಇರುವುದು “ಒಳ್ಳೆಯ” ಎಂಬ ಒಂದು ಮಾತಿನಲ್ಲಿ.

ಕನ್ನಡ ಪಾಠ ಹೇಳುವವರಿಗೆ ಮಾತನ್ನು ಬಿಡಿಸಿ ನೋಡುವುದು ಒಂದು ಚಟ. ಒಳ್ಳೆಯ ಹಾಡು ಎಂದಾಗ ನಾವು ಹೇಳುವುದು ಇಂಪಾದ ಹಾಡು ಎಂದು. ಒಳ್ಳೆಯ ತುಪ್ಪ ಎಂದಾಗ ಬೆರಕೆಯಿಲ್ಲದ ತುಪ್ಪ ಎಂದು. ಒಳ್ಳೆಯ ಮನುಷ್ಯ ಎಂದಾಗ ಇಂಪೂ ಅಲ್ಲ, ಬೆರಕೆಯ ವಿಚಾರವೂ ಅಲ್ಲ. ಅವನ ನಡತೆ ನೆಟ್ಟಗಿದೆ ಎಂದು. ಮಾತು ಒಂದೇ, ಅಳತೆಗೋಲು ಮೂರು: ನಾಲಗೆಯದು ಒಂದು, ಸಾಚಾತನದ್ದು ಇನ್ನೊಂದು, ಧರ್ಮದ್ದು ಮತ್ತೊಂದು. ಹಾಗಾದರೆ ಒಳ್ಳೆಯ ಊಟ ಎಂದಾಗ ನಾವು ಯಾವ ಕೋಲಿನಿಂದ ಅಳೆಯುತ್ತಿದ್ದೇವೆ?

ಬರಿಯ ತರ್ಕದಲ್ಲಿ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಒಂದು ನಿಜವಾದ ಊರಿಗೆ, ನಿಜವಾದ ಊಟಕ್ಕೆ ಅದನ್ನು ಹೊಂದಿಸಿ ನೋಡಬೇಕು. ಊರು ಅಮೆರಿಕದ ಲಾಸ್ ಏಂಜಲೀಸ್. ಊಟ ಮೆಕ್ಸಿಕೋ ದೇಶದ್ದು. ತಂಗಿಯ ಸಂಸಾರ ಅಲ್ಲಿರುವುದರಿಂದ ಒಂದು ಬೇಸಿಗೆಯ ರಜೆಯನ್ನು ನಾನು ಆ ಊರಿನಲ್ಲಿ ಕಳೆದೆ. ನಮ್ಮ ಬೆಂಗಳೂರಿನಲ್ಲಿ ಮಸಾಲೆದೋಸೆ ಎಲ್ಲಿ ಚೆನ್ನ ಎಂಬುದಕ್ಕೆ ನಡೆಯುವ ವಾಗ್ವಾದ ಅಲ್ಲಿ ಟಾಕೋ ಎಲ್ಲಿ ಚೆನ್ನ ಎಂಬುದಕ್ಕೆ ನಡೆಯುತ್ತದೆ. ಮುಸುಕಿನ ಜೋಳದ, ಅಂಗೈಯಗಲದ ತೆಳು ರೊಟ್ಟಿಗೆ ಟೋರ್ಟಿಯಾ ಎಂದು ಹೆಸರು. ಅದರ ಮೇಲೆ ಪಲ್ಯವನ್ನೋ ಮಾಂಸವನ್ನೋ ಇಟ್ಟು, ಈರುಳ್ಳಿ ಕೊತ್ತಂಬರಿಸೊಪ್ಪು ಉದುರಿಸಿ, ಖಾರದ ಚಟ್ನಿ ಹಾಕಿ, ನಿಂಬೆ ಹಿಂಡಿ, ಮಡಿಸಿ ಕೈಯಲ್ಲೇ ತಿಂದರೆ ಅದು ಟಾಕೋ. ತಿನ್ನುವುದು ಎರಡು ನಿಮಿಷದ ಕೆಲಸ. ವಾದಿಸುವುದು ಒಂದು ಜನ್ಮದ ಕೆಲಸ.

ಈ ಊಟವನ್ನು ಆ ಊರಿನಲ್ಲಿ ಪರದೇಶದ ಊಟವೆಂದು ಕರೆಯುವುದೇ ಕಷ್ಟ. ಸ್ಪೇನಿನ ಆಳ್ವಿಕೆಯಲ್ಲಿ, 1781ರ ಸೆಪ್ಟೆಂಬರ್ 4ರಂದು, ಇಂದಿನ ಮೆಕ್ಸಿಕೋ ಭಾಗದಿಂದ ಬಂದ 44 ಮಂದಿ ಕಟ್ಟಿದ ಊರು ಅದು. 1821ರಲ್ಲಿ ಮೆಕ್ಸಿಕೋ ಸ್ವತಂತ್ರವಾದಾಗ ಅದರ ಭಾಗವಾಯಿತು. ಯುದ್ಧದಲ್ಲಿ ಮೆಕ್ಸಿಕೋ ಸೋತ ಮೇಲೆ 1848ರ ಒಪ್ಪಂದದಂತೆ ಅಮೆರಿಕದ ಪಾಲಾಯಿತು. ಅಂದರೆ, ಅಲ್ಲಿನ ಕೆಲವು ಮನೆತನಗಳ ಮಟ್ಟಿಗೆ ಜನ ಗಡಿ ದಾಟಿ ಬರಲಿಲ್ಲ. ಗಡಿಯೇ ಜನರನ್ನು ದಾಟಿ ಹೋಯಿತು. ಇಂದಿಗೂ ಆ ನಗರದ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಲ್ಯಾಟಿನ್ ಅಮೆರಿಕದ ಮೂಲದವರು; ಅವರಲ್ಲಿ ಬಹುಪಾಲು ಮೆಕ್ಸಿಕೋದವರು.

ಅಲ್ಲಿ ಒಳ್ಳೆಯ ಊಟ ಎಲ್ಲಿ ಎಂದು ಕೇಳಿದರೆ ಹತ್ತು ಜನ ಹತ್ತು ದಿಕ್ಕು ತೋರಿಸುತ್ತಾರೆ. ಒಬ್ಬರು ಊರಿನ ಪೂರ್ವದಲ್ಲಿರುವ ಬಾಯಲ್ ಹೈಟ್ಸ್ ಎಂಬ ಬಡಾವಣೆಗೆ ಹೋಗಿ, ಮಾರಿಸ್ಕೋಸ್ ಹಲಿಸ್ಕೋ ಎಂಬ ಲಾರಿಯ ಮುಂದೆ ನಿಂತು ಸೀಗಡಿ ತುಂಬಿ ಕರಿದ ಟಾಕೋ ತಿನ್ನಿ ಎನ್ನುತ್ತಾರೆ. ಇನ್ನೊಬ್ಬರು 1994ರಲ್ಲಿ ಶುರುವಾದ, ಈಗ ಒಲಿಂಪಿಕ್ ರಸ್ತೆಯಲ್ಲಿರುವ ಗೆಲಗೆಟ್ಸಾ ಎಂಬ ಹೋಟಲಿನಲ್ಲಿ ವಹಾಕಾ ಸೀಮೆಯ ಮೋಲೆ ಎಂಬ ಗಟ್ಟಿ ಗೊಜ್ಜನ್ನು ರುಚಿ ನೋಡದವನ ಬಾಳು ವ್ಯರ್ಥ ಎನ್ನುತ್ತಾರೆ. ಮತ್ತೊಬ್ಬರು ಮೆರ್ಕಾಡೊ ಲಾ ಪಲೋಮಾ ಎಂಬ ಹಳೆಯ ಕಾರ್ಖಾನೆ ಕಟ್ಟಡದ ಮಳಿಗೆಗಳತ್ತ ಕೈ ತೋರುತ್ತಾರೆ: ಅಲ್ಲಿ ಒಂದು ಕಡೆ ಯುಕಟಾನ್ ಸೀಮೆಯವರು ಬಾಳೆಯೆಲೆಯಲ್ಲಿ ಸುತ್ತಿ ಬೇಯಿಸಿದ ಹಂದಿಯ ಮಾಂಸ, ಇನ್ನೊಂದು ಕಡೆ ಹೊಲ್ಬೋಷ್ ಎಂಬ ಮೀನಿನ ಮಳಿಗೆ. ಈ ಮಳಿಗೆಗೆ 2024ರಲ್ಲಿ ಮಿಶೆಲಿನ್ ಕೈಪಿಡಿಯವರು ನಕ್ಷತ್ರದ ಮನ್ನಣೆ ಕೊಟ್ಟರು. ಯಾರ ಮಾತೂ ಸುಳ್ಳಲ್ಲ.

ನಾಲಗೆಯ ಕೋಲಿನಿಂದ ಅಳೆಯುವವರಿಗೆ ಇಷ್ಟು ಸಾಕು. ಲೋಕೋ ಭಿನ್ನರುಚಿಃ ಎಂದು ಹೇಳಿ ಕೈ ತೊಳೆದುಕೊಳ್ಳಬಹುದು. ಮಾಂಸ ತಿನ್ನದ ನನ್ನಂಥವನಿಗೆ ಇಲ್ಲಿ ತೀರ್ಪು ಕೊಡುವ ಅಧಿಕಾರವೂ ಅರ್ಧವೇ. ಬೇಯಿಸಿದ ಕಾಳಿಗೆ ಕೂಡ ಹಂದಿಯ ಕೊಬ್ಬು ಹಾಕುವುದುಂಟಾದ್ದರಿಂದ ಪ್ರತಿಯೊಂದನ್ನೂ ವಿಚಾರಿಸಿಯೇ ತಿನ್ನಬೇಕು. ಆದರೆ ಒಂದು ಪದಾರ್ಥದ ವಿಚಾರದಲ್ಲಿ ನಾಲಗೆ ತೀರ್ಪು ಕೊಡುವುದಕ್ಕೆ ಮೊದಲೇ ಮನಸ್ಸು ಬೆರಗಾಯಿತು. ನಮ್ಮ ಹೊಲಗಳ ಬೇಲಿಯಲ್ಲಿ ಬೆಳೆಯುವ, ದನ ಕೂಡ ಮೂಸಿ ನೋಡದ ಪಾಪಾಸುಕಳ್ಳಿಯನ್ನು ಅವರು ಮುಳ್ಳು ಹೆರೆದು, ಹೋಳು ಮಾಡಿ, ಬೇಯಿಸಿ ಟಾಕೋದೊಳಗೆ ಇಡುತ್ತಾರೆ. ಬೆಂಡೆಕಾಯಿಯ ಲೋಳೆ, ತುಸು ಹುಳಿ, ಚೆನ್ನಾಗಿರುತ್ತದೆ. ಆ ಕಳ್ಳಿ ನಮ್ಮ ಬೇಲಿಗೆ ಬಂದದ್ದೇ ಅಮೆರಿಕ ಖಂಡದಿಂದ. ಗಿಡ ಬಂತು, ಅದನ್ನು ತಿನ್ನುವ ವಿದ್ಯೆ ಬರಲಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ನಾಲಗೆಯಿಂದ ತೃಪ್ತರಾಗದವರು ಎರಡನೆಯ ಕೋಲನ್ನು ಎತ್ತಿಕೊಳ್ಳುತ್ತಾರೆ. “ಚೆನ್ನಾಗಿದೆ, ಸರಿ, ಆದರೆ ಇದು ಅಸಲಿಯೋ?” ಈ ಪ್ರಶ್ನೆ ಕೇಳುವವರಿಗೆ ಒಂದು ಗಾಂಭೀರ್ಯ ಬಂದುಬಿಡುತ್ತದೆ, ಹಸ್ತಪ್ರತಿಯ ಶುದ್ಧಪಾಠವನ್ನು ಹುಡುಕುವ ಪಂಡಿತರಿಗೆ ಬರುವಂತೆ. ಬೆರಕೆಯಿಲ್ಲದ, ಯಾರೂ ಮುಟ್ಟದ, ಮೂಲದ ಒಂದು ಅಡಿಗೆ ಎಲ್ಲೋ ಇದೆ. ಅದನ್ನು ತಲುಪಿದವನೇ ರಸಿಕ ಎಂಬುದು ಅವರ ನಂಬಿಕೆ.

ಈ ಕೋಲನ್ನು ಹಿಡಿದು ಟಾಕೋಗಳಲ್ಲೆಲ್ಲ ಹೆಸರಾದ ಅಲ್ ಪಸ್ಟೋರ್ ಎಂಬುದನ್ನು ಅಳೆಯೋಣ. ಮೆಣಸಿನಕಾಯಿಯ ಮಸಾಲೆ ಹಚ್ಚಿದ ಮಾಂಸವನ್ನು ನೆಟ್ಟನೆಯ ಕಂಬಿಗೆ ಪೋಣಿಸಿ, ಬೆಂಕಿಯ ಮುಂದೆ ತಿರುಗಿಸುತ್ತ, ಬೆಂದ ಅಂಚನ್ನು ಹೆರೆದು ರೊಟ್ಟಿಗೆ ಹಾಕುತ್ತಾರೆ. ಮೇಲೆ ಒಂದು ಚೂರು ಅನಾನಸು. ಇದರಷ್ಟು ಮೆಕ್ಸಿಕೋದ್ದು ಇನ್ನೊಂದಿಲ್ಲ ಎಂದು ಜನ ಹೇಳುತ್ತಾರೆ. ಆದರೆ ಆ ತಿರುಗುವ ಕಂಬಿ ಲೆಬನಾನಿನದು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮೆಕ್ಸಿಕೋದ ಪ್ಯೂಬ್ಲಾ ನಗರದಲ್ಲಿ ನೆಲೆಸಿದ ಅರಬ್ಬೀ ಮೂಲದವರು ತಮ್ಮ ನಾಡಿನ ಶವರ್ಮವನ್ನು ಅಲ್ಲಿ ಮಾಡಿದರು. ಕಾಲ ಕಳೆದಂತೆ ಕುರಿಯ ಬದಲು ಹಂದಿ ಬಂತು, ಮಸಾಲೆಗೆ ಮೆಣಸಿನಕಾಯಿ ಬಂತು. ಮೋಲೆಯ ಕಥೆಯೂ ಹೀಗೆಯೇ. ಅದರಲ್ಲಿ ಮೆಕ್ಸಿಕೋದ ಮೆಣಸಿನಕಾಯಿ ಮತ್ತು ಕೋಕೋ ಇರುವಂತೆ ಏಷ್ಯದ ದಾಲ್ಚಿನ್ನಿ, ಲವಂಗ, ಎಳ್ಳು ಕೂಡ ಇವೆ. ಮೆಕ್ಸಿಕೋದ ಉತ್ತರ ಸೀಮೆಯವರು ತಮ್ಮದೆಂದು ಮೆರೆಯುವ ಗೋಧಿಯ ಟೋರ್ಟಿಯಾದ ಗೋಧಿಯನ್ನು ತಂದವರು ಸ್ಪೇನಿನವರು. 2008ರಲ್ಲಿ ಲಾಸ್ ಏಂಜಲೀಸಿನ ಕೋಗಿ ಎಂಬ ಲಾರಿಯವರು ಕೊರಿಯದ ಮಾಂಸವನ್ನು ಟಾಕೋದೊಳಗೆ ಇಟ್ಟಾಗ ಹುಬ್ಬೇರಿಸಿದವರು, ಲೆಬನಾನಿನವರು ಇದನ್ನೇ ಹಿಂದೆ ಮಾಡಿದ್ದರೆಂಬುದನ್ನು ಮರೆತಿದ್ದರು.

ನಾವಾದರೂ ಏನು ಕಡಮೆ? ಮೆಣಸಿನಕಾಯಿಯ ತವರು ಮೆಕ್ಸಿಕೋ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಮೂಲಕ ಅದು ನಮ್ಮ ಪಶ್ಚಿಮ ಕರಾವಳಿಗೆ ಬರುವ ಮೊದಲು ನಮ್ಮ ಅಡಿಗೆಗೆ ಖಾರ ಕೊಡುತ್ತಿದ್ದದ್ದು ಕರಿಮೆಣಸು. ಮೆಣಸಿಗೆ ಕಾಯಿ ಸೇರಿಸಿ ಹೊಸಬನಿಗೆ ಹಳಬನ ಹೆಸರಿಟ್ಟು ಒಳಗೆ ಕರೆದುಕೊಂಡೆವು. ಈಗ ಬ್ಯಾಡಗಿಯ ಕೆಂಪಿಲ್ಲದ ಸಾರು, ಹುಳಿಗಳನ್ನು ನೆನೆಯುವುದಕ್ಕೂ ಆಗದು. ಟೊಮೆಟೊ, ಸೀಬೆ, ಪರಂಗಿ, ಸಪೋಟ, ಇವೆಲ್ಲ ಆ ಖಂಡದಿಂದಲೇ ಬಂದವು. ಬೆರಕೆಯನ್ನು ತೆಗೆದು ಶುದ್ಧವಾದದ್ದನ್ನು ಬಡಿಸಿರೆಂದು ಪಟ್ಟು ಹಿಡಿದರೆ ಲೋಕದಲ್ಲಿ ಅನೇಕ ಎಲೆಗಳು ಬರಿದಾಗುತ್ತವೆ. ಅಡಿಗೆ ಹೊಳೆಯಿದ್ದಂತೆ, ಉಪನದಿಗಳನ್ನು ಕಳೆದು ಉಳಿದದ್ದನ್ನು ತೋರಿಸೆಂದರೆ ತೋರಿಸುವುದಕ್ಕೆ ಮರಳು ಮಾತ್ರ ಇರುತ್ತದೆ.

ಹಾಗೆಂದು ಅಸಲು ಎಂಬುದೇ ಇಲ್ಲವೆ? ಇದೆ. ಆದರೆ ಅದು ಪದಾರ್ಥದಲ್ಲಿಲ್ಲ, ವಿದ್ಯೆಯಲ್ಲಿದೆ. ಮುಸುಕಿನ ಜೋಳವನ್ನು ಮೆಕ್ಸಿಕೋದವರು ನಾವು ರಾಗಿ ಬೀಸಿದಂತೆ ನೇರವಾಗಿ ಬೀಸುವುದಿಲ್ಲ. ಸುಣ್ಣ ಕದಡಿದ ನೀರಿನಲ್ಲಿ ಕಾಳನ್ನು ಬೇಯಿಸಿ, ರಾತ್ರಿಯೆಲ್ಲ ನೆನೆಯಿಟ್ಟು, ಬೆಳಗ್ಗೆ ಸಿಪ್ಪೆ ಬಿಡುವಂತೆ ಉಜ್ಜಿ ತೊಳೆದು, ಆಮೇಲೆ ಅರೆಯುತ್ತಾರೆ. ತಾಂಬೂಲಕ್ಕೆ ಸುಣ್ಣ ಹಚ್ಚುವ ನಮಗೆ ಸುಣ್ಣ ಬಾಯಿಗೆ ಬರುವುದು ಹೊಸದೇನಲ್ಲ. ಆದರೆ ಅನ್ನಕ್ಕೇ ಸುಣ್ಣ ಹಾಕಿದವರ ಬುದ್ಧಿ ದೊಡ್ಡದು. ಸುಣ್ಣದಿಂದ ಹಿಟ್ಟಿಗೆ ಅಂಟು ಬರುತ್ತದೆ, ರೊಟ್ಟಿ ಮುರಿಯದೆ ಮಡಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಾಳಿನಲ್ಲಿ ಬಂಧಿಯಾಗಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುವಂತಾಗುತ್ತದೆ. ಜೀವಸತ್ವವೆಂಬ ಮಾತು ಹುಟ್ಟುವುದಕ್ಕೆ ಸಾವಿರಾರು ವರ್ಷ ಮೊದಲೇ, ಒಲೆಯ ಮುಂದೆ ಕುಳಿತ ಹೆಂಗಸರು ಕಂಡುಕೊಂಡ ವಿದ್ಯೆ ಇದು.

ಸ್ಪೇನಿನವರು ಜೋಳವನ್ನು ಯೂರೋಪಿಗೆ ಕೊಂಡೊಯ್ದರು. ಸುಣ್ಣವನ್ನು ಅಲ್ಲೇ ಬಿಟ್ಟರು. ಜೋಳವನ್ನೇ ನಂಬಿದ ಬಡವರಲ್ಲಿ ಹೊಸದೊಂದು ರೋಗ ಕಾಣಿಸಿಕೊಂಡಿತು. ಚರ್ಮ ಒಡೆಯುವುದು, ಹೊಟ್ಟೆ ಕೆಡುವುದು, ಕೊನೆಗೆ ಬುದ್ಧಿಭ್ರಮಣೆ, ಸಾವು. 1735ರಲ್ಲಿ ಸ್ಪೇನಿನ ಕಾಸಲ್ ಎಂಬ ವೈದ್ಯ ಅದನ್ನು ಗುರುತಿಸಿದ. ಆಮೇಲೆ ಉತ್ತರ ಇಟಲಿಯಲ್ಲಿ, ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆ ಪೆಲಾಗ್ರ ರೋಗ ಸಾವಿರಾರು ಜನರನ್ನು ಕೊಂದಿತು. ಮದ್ದು ನಯಾಸಿನ್ನಿನಲ್ಲಿದೆಯೆಂದು ಗೊತ್ತಾದದ್ದು 1937ರಲ್ಲಿ. ಕಾಳನ್ನು ಕೊಂಡವರು ಕಾಳು ಕೊಟ್ಟವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು: ಇದನ್ನು ನೀವು ಹೇಗೆ ತಿನ್ನುತ್ತೀರಿ? ಸೋತವರಿಂದ ಕಲಿಯುವುದೇನಿದೆ ಎಂಬ ಭಾವನೆ ಇರುವಲ್ಲಿ ಇಂಥ ಪ್ರಶ್ನೆ ಬಾಯಿಗೆ ಬರುವುದಿಲ್ಲ. ಪಾಪಾಸುಕಳ್ಳಿಯ ವಿಚಾರದಲ್ಲಿ ನಮಗಾದ ನಷ್ಟ ಒಂದು ಪಲ್ಯ ಮಾತ್ರ. ಇಲ್ಲಿ ಆದದ್ದು ಪ್ರಾಣಹಾನಿ.

ಇಲ್ಲಿಂದ ಮೂರನೆಯ ಕೋಲು, ಧರ್ಮದ ಕೋಲು, ತಾನಾಗಿ ಕೈಗೆ ಬರುತ್ತದೆ. ನಮ್ಮಲ್ಲಿ ಅನ್ನದ ಋಣ ಎಂಬ ಮಾತುಂಟು. ಅದು ಸಾಲವಲ್ಲ, ಸಾಲಕ್ಕೆ ಲೆಕ್ಕವಿದೆ, ಋಣಕ್ಕಿಲ್ಲ. ದುಡ್ಡು ಕೊಟ್ಟರೆ ಅಂಗಡಿಯವನ ಬಾಕಿ ತೀರುತ್ತದೆ. ಆ ರುಚಿಯನ್ನು ತಲೆಮಾರುಗಳಿಂದ ಕಾದುಕೊಂಡು ಬಂದವರ ಬಾಕಿ ತೀರುತ್ತದೆಯೆ?

ಲಾಸ್ ಏಂಜಲೀಸಿನಿಂದ ಪೂರ್ವಕ್ಕೆ, ಸುಮಾರು ನೂರು ಕಿಲೋಮೀಟರು ದೂರದ ಸ್ಯಾನ್ ಬರ್ನಡೀನೋ ಎಂಬ ಊರಿನಲ್ಲಿ ಮಿಟ್ಲಾ ಕೆಫೆ ಎಂಬ ಮೆಕ್ಸಿಕನರ ಹೋಟಲಿದೆ. ಅದು ತೆರೆದದ್ದು 1937ರಲ್ಲಿ. ಅದರ ಎದುರಿನ ರಸ್ತೆಯಲ್ಲಿ ತಿಂಡಿಯ ಅಂಗಡಿ ಇಟ್ಟಿದ್ದ ಗ್ಲೆನ್ ಬೆಲ್ ಎಂಬಾತ ಅಲ್ಲಿ ಟಾಕೋ ತಿಂದು, ಮಾಡುವ ಬಗೆಯನ್ನು ಕಲಿತುಕೊಂಡು, ತಾನೂ ಮಾರತೊಡಗಿದ. 1962ರಲ್ಲಿ ಟಾಕೋ ಬೆಲ್ ಎಂಬ ಹೆಸರಿನಲ್ಲಿ ಅಂಗಡಿ ತೆರೆದ. ಇಂದು ಆ ಹೆಸರಿನ ಅಂಗಡಿಗಳು ಬೆಂಗಳೂರಿನವರೆಗೂ ಬಂದಿವೆ. ಮಿಟ್ಲಾ ಇನ್ನೂ ಆ ಒಂದು ಊರಿನಲ್ಲೇ ಇದೆ. ಉಂಡೂ ಹೋದ, ಕೊಂಡೂ ಹೋದ ಎಂಬ ನಮ್ಮ ಗಾದೆ ನೆನಪಾಗದೆ ಇರದು.

ಆದರೆ ಇಲ್ಲಿ ಎಚ್ಚರಿಕೆ ಬೇಕು. ನೋಡಿ ಕಲಿಯುವುದು ತಪ್ಪೆಂದರೆ ಲೆಬನಾನಿನ ಕಂಬಿಯನ್ನು ಎತ್ತಿಕೊಂಡ ಮೆಕ್ಸಿಕನರೂ ತಪ್ಪಿತಸ್ಥರೇ, ಮೆಣಸಿನಕಾಯಿಯನ್ನು ಎತ್ತಿಕೊಂಡ ನಾವೂ ತಪ್ಪಿತಸ್ಥರೇ. ದೋಷ ಕಲಿಯುವುದರಲ್ಲಿಲ್ಲ. ಋಣವನ್ನು ಒಪ್ಪಿಕೊಳ್ಳುವುದರಲ್ಲಿ, ಮರೆಯುವುದರಲ್ಲಿ ಇದೆ ಎಲ್ಲ ವ್ಯತ್ಯಾಸ. ಮರೆವು ಎಲ್ಲಿಯವರೆಗೆ ಹೋದೀತು ಎಂಬುದಕ್ಕೆ ಆ ಊರಿನ ಇತಿಹಾಸದಲ್ಲೇ ಒಂದು ನಿದರ್ಶನವಿದೆ.

ಊರು ಹುಟ್ಟಿದ ಹಳೆಯ ಚೌಕದ ಪಕ್ಕದಲ್ಲಿ ಒಲ್ವೆರಾ ಬೀದಿ ಎಂಬ ಪುಟ್ಟ ಬೀದಿಯಿದೆ. 1930ರಲ್ಲಿ ಅದನ್ನು ಅಂದಗೊಳಿಸಿ, ಮೆಕ್ಸಿಕೋದ ಪೇಟೆಯಂತೆ ಸಜ್ಜುಮಾಡಿ, ಪ್ರವಾಸಿಗಳಿಗಾಗಿ ತೆರೆದರು. ಬಣ್ಣದ ಉಡುಪು, ಹಾಡು, ಬಿಸಿಬಿಸಿ ತಿನಿಸು. ಜನ ಬಂದು ನೋಡಿ ತಿಂದು ನಲಿದರು. ಮರುವರ್ಷ, 1931ರ ಫೆಬ್ರವರಿ 26ರಂದು, ಅದೇ ಚೌಕವನ್ನು ವಲಸೆ ಇಲಾಖೆಯವರು ಸುತ್ತುಗಟ್ಟಿ, ಅಲ್ಲಿ ಕುಳಿತಿದ್ದ ಸುಮಾರು 400 ಜನರನ್ನು ತಡೆದು ನಿಲ್ಲಿಸಿ ಕಾಗದಪತ್ರ ಕೇಳಿದರು. ಆರ್ಥಿಕ ಮುಗ್ಗಟ್ಟಿನ ಆ ದಶಕದಲ್ಲಿ ಲಕ್ಷಗಟ್ಟಲೆ ಮೆಕ್ಸಿಕೋ ಮೂಲದವರನ್ನು ಅಮೆರಿಕದಿಂದ ಸಾಗಹಾಕಲಾಯಿತು. ಅವರಲ್ಲಿ ಅನೇಕರು ಅಮೆರಿಕದಲ್ಲೇ ಹುಟ್ಟಿದ ಪೌರರು. 2005ರಲ್ಲಿ ಕ್ಯಾಲಿಫೋರ್ನಿಯ ರಾಜ್ಯ ಶಾಸನ ಮಾಡಿ ಅದಕ್ಕಾಗಿ ಕ್ಷಮೆ ಕೇಳಿತು. ಒಲ್ವೆರಾ ಬೀದಿ ಮಾತ್ರ ಆ ದಶಕದಲ್ಲೂ ಮುಚ್ಚಲಿಲ್ಲ. ಊಟ ಬೇಕು, ಉಣಿಸುವವರು ಬೇಡ.

ಇದು ಹಳೆಯ ಕಥೆಯಲ್ಲ. ಬೀದಿಯಲ್ಲಿ ತಿಂಡಿ ಮಾರುವುದು ಆ ಊರಿನಲ್ಲಿ ಬಹುಕಾಲ ಅಪರಾಧವಾಗಿತ್ತು. ಮಾರುವವರನ್ನು ಹುಡುಕಿಕೊಂಡು ಹೋಗಿ ತಿನ್ನುವುದು ಮಾತ್ರ ರಸಿಕತೆ ಎನಿಸಿಕೊಂಡಿತ್ತು. 2018ರಲ್ಲಿ ರಾಜ್ಯದ ಕಾನೂನು ಬದಲಾಗಿ ಅವರಿಗೆ ಹಕ್ಕು ಸಿಕ್ಕಿತು. ಲಾಸ್ ಏಂಜಲೀಸಿನ ಸಣ್ಣ ಸಣ್ಣ ಅಂಗಡಿಗಳ ಊಟವನ್ನು ಗೌರವದಿಂದ ಬರೆದ ಜೊನಾಥನ್ ಗೋಲ್ಡ್ ತೀರಿಕೊಂಡದ್ದು ಅದೇ ವರ್ಷ. ಊಟದ ವಿಮರ್ಶೆಗಾಗಿ 2007ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದವರಲ್ಲಿ ಆತನೇ ಮೊದಲಿಗ. ಬಳಿಕ 2025ರ ಜೂನಿನಲ್ಲಿ ವಲಸೆ ಇಲಾಖೆಯ ದಾಳಿಗಳು ನಗರದಲ್ಲಿ ಮೊದಲಾದಾಗ ಎಷ್ಟೋ ಮೂಲೆಗಳಲ್ಲಿ ಒಲೆ ಉರಿಯಲಿಲ್ಲ. ಕಾಗದ ಇಲ್ಲದವರು ಹೆದರಿದರು; ಕಾಗದ ಇದ್ದವರೂ ಹೆದರಿದರು. ಆಗ “ಒಳ್ಳೆಯ ಟಾಕೋ ಎಲ್ಲಿ ಸಿಕ್ಕುತ್ತದೆ?” ಎಂಬ ಪ್ರಶ್ನೆಗೆ ಬೇರೆಯೇ ಅರ್ಥ ಬಂತು.

ಇಲ್ಲಿ ಆಕ್ಷೇಪಣೆ ಹೇಳುವವರಿದ್ದಾರೆ. “ಯಾರು ಒಳಗೆ ಬರಬೇಕು, ಯಾರು ಬರಬಾರದು ಎಂದು ಗೊತ್ತುಮಾಡುವುದು ಪ್ರತಿಯೊಂದು ರಾಜ್ಯದ ಹಕ್ಕು. ಊಟಕ್ಕೆ ಹೋದವನು ಊಟದ ಬೆಲೆ ಕೊಟ್ಟ. ರಾಜ್ಯದ ಕಾನೂನಿನ ಭಾರವನ್ನೂ ಅವನ ತಲೆಯ ಮೇಲೆ ಹೊರಿಸುವುದು ನ್ಯಾಯವೆ?” ಈ ಮಾತನ್ನು ತಳ್ಳಿಹಾಕುವಂತಿಲ್ಲ. ಗಡಿ ಇರುವವರೆಗೆ ಗಡಿಯ ಕಾನೂನೂ ಇರುತ್ತದೆ. ಅದು ಹೇಗಿರಬೇಕೆಂದು ಗೊತ್ತುಮಾಡುವವರು ಆ ದೇಶದವರು, ನಾನಲ್ಲ. ಆದರೆ ಋಣಕ್ಕೂ ಕಾನೂನಿಗೂ ಕ್ಷೇತ್ರ ಬೇರೆ. ಕಾನೂನು ಕೇಳುವುದು, ಇವನಿಗೆ ಇಲ್ಲಿರುವ ಹಕ್ಕಿದೆಯೇ ಎಂದು. ಋಣ ಕೇಳುವುದು, ಇವನ ಕೈಯ ಅನ್ನ ಉಂಡ ನೀನು ಈಗ ಎತ್ತ ಮುಖಮಾಡಿ ನಿಂತಿದ್ದೀಯೆ ಎಂದು. ಮೊದಲನೆಯದಕ್ಕೆ ನ್ಯಾಯಾಲಯ ಉತ್ತರ ಹೇಳಬಹುದು. ಎರಡನೆಯದಕ್ಕೆ ಉತ್ತರ ಹೇಳಬೇಕಾದವನು ಉಂಡವನೇ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಹಿರಿಯರು ಹೇಳಿದರು. ಉಂಡ ಮನೆಗೆ ಬೆಂಕಿ ಬಿದ್ದಾಗ ಬಾಯೊರಸಿಕೊಂಡು ಮುಂದಿನ ಮನೆ ಹುಡುಕುವುದೂ ಎರಡು ಬಗೆಯುವುದೇ ಎಂದು ನನಗೆ ತೋರುತ್ತದೆ.

ಉಣ್ಣುವವನಿಗೆ ಸಾಧ್ಯವಾದದ್ದು ದೊಡ್ಡದೇನಲ್ಲ. ಫ್ರಾನ್ಸಿನ ಊಟಕ್ಕೆ ಕೇಳಿದಷ್ಟು ಕೊಟ್ಟು, ಮೆಕ್ಸಿಕೋದ ಊಟ ಅಗ್ಗವಾಗಿಯೇ ಇರಬೇಕೆನ್ನುವ ಮನೋಭಾವವನ್ನು ಬಿಡಬಹುದು. ರಾತ್ರಿಯೆಲ್ಲ ಸುಣ್ಣದಲ್ಲಿ ನೆನೆಸಿ ಬೆಳಗ್ಗೆ ಅರೆಯುವ ಶ್ರಮ ಯಾವ ದೇಶದವರದಾದರೂ ಶ್ರಮವೇ. ಅಸಲಿಯೋ ಎಂದು ಪರೀಕ್ಷಕನಂತೆ ಕೇಳುವುದರ ಬದಲು, ಇದನ್ನು ಎಲ್ಲಿ ಕಲಿತಿರಿ ಎಂದು ಅತಿಥಿಯಂತೆ ಕೇಳಬಹುದು. 2025ರ ಆ ಬೇಸಿಗೆಯಲ್ಲಿ ಲಾಸ್ ಏಂಜಲೀಸಿನ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನೆರೆಹೊರೆಯವರು, ಸ್ಥಳೀಯ ಸಂಘಗಳವರು ಹಣ ಕೂಡಿಸಿ ಬೀದಿಯ ವ್ಯಾಪಾರಿಗಳ ಬಾಡಿಗೆಗೆ, ಮನೆಯ ಖರ್ಚಿಗೆ ಕೊಟ್ಟರು. ಬೀದಿಗೆ ಬರಬೇಡಿ, ಮನೆಯಲ್ಲೇ ಇರಿ ಎಂದರು. ತಿನ್ನದ ಊಟಕ್ಕೆ ಬೆಲೆ ಕೊಡುವುದು ವ್ಯಾಪಾರದ ಲೆಕ್ಕದಲ್ಲಿ ಹುಚ್ಚು. ಋಣದ ಲೆಕ್ಕದಲ್ಲಿ ಅದೇ ಸರಿ. ಹಿಂದೆ ಉಂಡದ್ದಕ್ಕೆ ಅದು ಸಂದಾಯ.

ದೂರದ ಊರಿನ ಧರ್ಮಸೂಕ್ಷ್ಮ ನಮಗೆ ಬೇಗ ಅರ್ಥವಾಗುತ್ತದೆ. ನಮ್ಮ ಊರಿನದು ಹಾಗಲ್ಲ. 2012ರ ಆಗಸ್ಟಿನಲ್ಲಿ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ನಮ್ಮ ಹೋಟಲುಗಳಲ್ಲಿ ಬಡಿಸುತ್ತಿದ್ದ, ಅಡಿಗೆಮನೆಯಲ್ಲಿ ದುಡಿಯುತ್ತಿದ್ದ ಎಷ್ಟೋ ಹುಡುಗರು ಅವರಲ್ಲಿದ್ದರು. ಅವರ ಕೈಯ ತಟ್ಟೆಯನ್ನು ದಿನವೂ ತೆಗೆದುಕೊಂಡಿದ್ದ ನಮ್ಮಲ್ಲಿ ಅವರ ಹೆಸರು ಬಲ್ಲವರು ಎಷ್ಟು ಮಂದಿ ಇದ್ದರು?

ಒಳ್ಳೆಯ ಊಟ ಎಲ್ಲಿ ಸಿಕ್ಕುತ್ತದೆ ಎಂದು ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಬಾಯಲ್ ಹೈಟ್ಸಿಗೆ ಹೋಗಿ, ಗೆಲಗೆಟ್ಸಾಕ್ಕೆ ಹೋಗಿ. ಹೊಟ್ಟೆ ತುಂಬ ತಿನ್ನಿ. ನಾಲಗೆ ತನ್ನ ತೀರ್ಪನ್ನು ಅಲ್ಲೇ ಹೇಳುತ್ತದೆ. ಅಸಲಿನ ವಾದವನ್ನು ಪಂಡಿತರು ನಡೆಸಿಕೊಳ್ಳಲಿ. ಮೂರನೆಯ ಲೆಕ್ಕ ಮಾತ್ರ ಕೈ ತೊಳೆದ ಮೇಲೆ ಶುರುವಾಗುತ್ತದೆ. ಉಣಿಸಿದವರಿಗೆ ಕಷ್ಟ ಬಂದ ದಿನ ಅದರ ಪುಟ ತೆರೆಯುತ್ತದೆ.